ವಂಶದಿಂದ ಬರುವ ಹಳದಿ ಕಣ್ಣು: ಪತ್ತೆ ಹೇಗೆ?



ಉಪವಾಸವಿದ್ದಾಗ ಇಲ್ಲವೆ ಸುಗ್ಗಿಯಲ್ಲಿ ಹೊತ್ತಿಗೆ ಊಟವಿಲ್ಲದೆ ದುಡಿದಾಗ ಕೆಲವರ ಕಣ್ಣು ತುಸು ಹಳದಿಯಾಗಿ, ಕೆಲವು ದಿನಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ಸೊಪ್ಪಿನ ಮದ್ದು ಕುಡಿದಿದ್ದರೆ ಅದರ ಗುಣವೆಂದು ನಂಬುತ್ತಾರೆ. ಆದರೆ ಇದು ವಂಶಪಾರಂಪರ್ಯವಾಗಿ ಬರುವ ಗಿಲ್ಬರ್ಟ್ ದೋಷವಿರಬಹುದು. ಫ್ರಾನ್ಸಿನ ವೈದ್ಯರು 1901ರಲ್ಲಿ ಇದನ್ನು ವಿವರಿಸಿದರು.

ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಯಕೃತ್ತಿನ ಕಿಣ್ವವೊಂದು ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಪಿತ್ತರಸಕ್ಕೆ ಸಾಗಿಸಲು ನೆರವಾಗುತ್ತದೆ. ಗಿಲ್ಬರ್ಟ್ ದೋಷದಲ್ಲಿ ಈ ಕಿಣ್ವದ ಶಕ್ತಿ ಸುಮಾರು ಶೇಕಡ 30ಕ್ಕೆ ಇಳಿದಿರುತ್ತದೆ. ಯಕೃತ್ತು ಕೆಟ್ಟಿರುವುದಿಲ್ಲ, ಔಷಧಿ ಬೇಕಿಲ್ಲ.

ಆದರೆ ಕಣ್ಣು ನೋಡಿಯೇ ತೀರ್ಮಾನಿಸಬಾರದು, ರಕ್ತಪರೀಕ್ಷೆ ಅಗತ್ಯ. ಒಟ್ಟು ಬಿಲಿರುಬಿನ್ ಸಾಮಾನ್ಯವಾಗಿ 100 ಮಿ.ಲೀ. ರಕ್ತದ್ರವದಲ್ಲಿ 4 ಮಿ.ಗ್ರಾಂ. ಒಳಗಿದ್ದು, ಅದರಲ್ಲಿ ಬಹುಪಾಲು 'ಇನ್‌ಡೈರೆಕ್ಟ್' ಆಗಿರಬೇಕು. ಯಕೃತ್ತಿನ ಕಿಣ್ವಗಳ ಮಟ್ಟ ಸರಿಯಿರಬೇಕು. ರಕ್ತಕಣಗಳು ಅತಿಯಾಗಿ ಒಡೆಯುತ್ತಿಲ್ಲವೆಂದು ಹಿಮೋಗ್ಲೋಬಿನ್ ಮತ್ತು ರೆಟಿಕ್ಯುಲೊಸೈಟ್ ಎಣಿಕೆಯಿಂದ ಖಚಿತವಾಗಬೇಕು. ಕೆಲವು ತಿಂಗಳ ನಂತರದ ಮರುಪರೀಕ್ಷೆಯೂ ಇದನ್ನೇ ತೋರಿಸಬೇಕು.

'ಡೈರೆಕ್ಟ್' ಭಾಗ ಹೆಚ್ಚಿದ್ದರೆ ಕಾರಣ ಬೇರೆ. ಪಿತ್ತನಾಳದ ತಡೆ, ಯಕೃತ್ತಿನ ಉರಿಯೂತ ಅಥವಾ ಅಪರೂಪವಾಗಿ ಡುಬಿನ್-ಜಾನ್ಸನ್, ರೋಟರ್ ಎಂಬ ವಂಶದೋಷಗಳಿರಬಹುದು. ಕಣ್ಣು ಹಳದಿಯಾಗಿರುವಾಗ ಕಪ್ಪು ಮೂತ್ರ, ಬಿಳಿಚಿದ ಮಲ, ಜ್ವರ, ವಾಂತಿ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹಸುಗೂಸಿನಲ್ಲಿ ಹಳದಿ ಏರುತ್ತಿದ್ದರೆ ಒಂದು ದಿನವೂ ಕಾಯಬಾರದು. ಅದೇ ಕಿಣ್ವ ತೀರ ಇಲ್ಲದ ಕ್ರಿಗ್ಲರ್-ನಜ್ಜಾರ್ ಕಾಯಿಲೆಯಲ್ಲಿ ಬಿಲಿರುಬಿನ್ ಮಿದುಳಿಗೇ ಹಾನಿ ಮಾಡಬಲ್ಲದು. ಇದಕ್ಕೆ ನೀಲಿ ಬೆಳಕಿನ ಚಿಕಿತ್ಸೆ ತಕ್ಷಣ ಬೇಕು.

ಪರೀಕ್ಷೆಯ ವರದಿಯನ್ನು ಜೋಪಾನವಾಗಿಡಿ. ಮುಂದೆ ಯಾವ ಚಿಕಿತ್ಸೆಗೆ ಹೋದರೂ ವೈದ್ಯರಿಗೆ ತೋರಿಸಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.