ಗಣಿತವೋ ಭೌತಶಾಸ್ತ್ರವೋ: ಹರೀಶ್-ಚಂದ್ರರ ಆಯ್ಕೆ

(ಬಿ.ಎಸ್ಸಿ. ಅಂತಿಮ ವರ್ಷದ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಪಿ.ಸಿ.ಎಂ. ಓದಿ ಪದವಿ ಮುಗಿಸುವವರ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಎಂ.ಎಸ್ಸಿ.ಗೆ ಗಣಿತ ತೆಗೆದುಕೊಳ್ಳುವುದೋ, ಭೌತಶಾಸ್ತ್ರವೋ? ಎರಡರಲ್ಲೂ ಒಳ್ಳೆಯ ಅಂಕ ಬಂದಿದ್ದರಂತೂ ಪೇಚಾಟ ಇನ್ನೂ ಹೆಚ್ಚು. ಮನೆಯಲ್ಲಿ ಕೇಳಿದರೆ ಯಾವುದಕ್ಕೆ ಕೆಲಸ ಬೇಗ ಸಿಗುತ್ತದೆ ಎಂಬ ಮಾತು ಬರುತ್ತದೆ. ಅಧ್ಯಾಪಕರನ್ನು ಕೇಳಿದರೆ ಸಾಮಾನ್ಯವಾಗಿ ಅವರವರ ವಿಷಯವೇ ಶ್ರೇಷ್ಠ! ಈ ಎರಡನ್ನೂ ಸದ್ಯಕ್ಕೆ ಬದಿಗಿಟ್ಟು, ಇದೇ ಪ್ರಶ್ನೆಯ ಎದುರು ವರ್ಷಗಟ್ಟಲೆ ತೊಳಲಾಡಿದ ಒಬ್ಬರ ಕಥೆ ನೋಡೋಣ.

ಹರೀಶ್-ಚಂದ್ರ ಹುಟ್ಟಿದ್ದು 1923ರ ಅಕ್ಟೋಬರ್‌ನಲ್ಲಿ, ಕಾನ್ಪುರದಲ್ಲಿ. ಅಲಹಾಬಾದ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪಾಲ್ ಡಿರಾಕ್ ಅವರ ಕ್ವಾಂಟಂ ಸಿದ್ಧಾಂತದ ಪುಸ್ತಕ ಕೈಗೆ ಸಿಕ್ಕಿತು. ಬಾಳೆಲ್ಲ ಭೌತಶಾಸ್ತ್ರಕ್ಕೇ ಎಂದು ಅಂದೇ ಮನಸ್ಸು ಗಟ್ಟಿಯಾಯಿತು. 1943ರಲ್ಲಿ ಎಂ.ಎಸ್ಸಿ. ಮುಗಿಸಿದವರು ಬಂದದ್ದು ನಮ್ಮ ಬೆಂಗಳೂರಿಗೆ. ಊರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಗ ಹೋಮಿ ಭಾಭಾ ಇದ್ದರು. ಭಾಭಾ ಅವರದ್ದೂ ಆಯ್ಕೆಯ ಕಥೆಯೇ. ಎಂಜಿನಿಯರ್ ಆಗಲಿ ಎಂದು ಮನೆಯವರು ಕೇಂಬ್ರಿಜ್‌ಗೆ ಕಳಿಸಿದ್ದರು. ಆ ಪರೀಕ್ಷೆಯನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದ ಮೇಲಷ್ಟೇ ಅವರು ತಮ್ಮ ದಾರಿ ಹಿಡಿದದ್ದು.

ಬೆಂಗಳೂರಿನಲ್ಲಿ ಎರಡು ವರ್ಷ ಸಂಶೋಧನೆ ಮಾಡಿದ ಹರೀಶ್-ಚಂದ್ರ 1945ರಲ್ಲಿ ಕೇಂಬ್ರಿಜ್‌ಗೆ ತೆರಳಿ ಡಿರಾಕ್ ಅವರ ಶಿಷ್ಯರಾದರು. 1947ರಲ್ಲಿ ಡಾಕ್ಟರೇಟ್ ಬಂತು. ಅದೇ ವರ್ಷ ಡಿರಾಕ್ ಅವರ ಸಹಾಯಕರಾಗಿ ಅಮೆರಿಕದ ಪ್ರಿನ್ಸ್‌ಟನ್‌ಗೆ ಹೋದರು. ಹುಡುಗನೊಬ್ಬ ಪುಸ್ತಕ ಓದಿ ಕಂಡ ಕನಸು ಅಕ್ಷರಶಃ ನಿಜವಾಗಿತ್ತು. ತೊಡಕು ಶುರುವಾದದ್ದೂ ಅಲ್ಲೇ.

ತಮ್ಮ ಪ್ರಬಂಧದಲ್ಲಿ ಮಾಡಿದ ಗಣಿತದ ಕೆಲವು ಹೆಜ್ಜೆಗಳು ಸಡಿಲವಾಗಿವೆ ಎಂದು ಅವರಿಗೆ ಅನ್ನಿಸತೊಡಗಿತು. ಉತ್ತರ ಸರಿಯಿದ್ದೀತು, ಆದರೆ ಸಾಧನೆ ಬಿಗಿಯಾಗಿಲ್ಲ. (ಹೈಸ್ಕೂಲಿನ ರೇಖಾಗಣಿತದಲ್ಲಿ ದತ್ತ, ಸಾಧನೀಯ, ಸಾಧನೆ ಎಂದು ಬರೆಯುತ್ತಿದ್ದೆವಲ್ಲ, ಅದೇ ಸಾಧನೆ.) ಈ ಅಳಲನ್ನು ಗುರುಗಳ ಮುಂದೆ ತೋಡಿಕೊಂಡಾಗ ಡಿರಾಕ್ ಕೊಟ್ಟ ಉತ್ತರ ಚುಟುಕಾಗಿತ್ತು: ತಮಗೆ ಸಾಧನೆಗಳಲ್ಲಿ ಆಸಕ್ತಿಯಿಲ್ಲ, ನಿಸರ್ಗ ಏನು ಮಾಡುತ್ತದೆ ಎಂಬುದಷ್ಟೇ ಮುಖ್ಯ.

ಇದು ಉಡಾಫೆಯ ಮಾತಲ್ಲ. ಡಿರಾಕ್ ಬಳಕೆಗೆ ತಂದ ಡೆಲ್ಟಾ ಫಂಕ್ಷನ್ ಎಂಬುದನ್ನೇ ನೋಡಿ. ಅದು ಒಂದು ಬಿಂದುವಿನಲ್ಲಿ ಅನಂತ, ಉಳಿದೆಲ್ಲ ಕಡೆ ಸೊನ್ನೆ, ಆದರೂ ಅದರ ಕೆಳಗಿನ ವಿಸ್ತೀರ್ಣ ಸರಿಯಾಗಿ ಒಂದು! ಇಂಥದ್ದೊಂದು ಇರಲು ಸಾಧ್ಯವೇ ಇಲ್ಲ ಎಂದು ಗಣಿತಜ್ಞರು ತಲೆಯಾಡಿಸಿದರು. ಭೌತವಿಜ್ಞಾನಿಗಳು ಅದನ್ನು ಧಾರಾಳವಾಗಿ ಬಳಸಿದರು. ಲೆಕ್ಕ ಪ್ರಯೋಗಕ್ಕೆ ಹೊಂದುತ್ತಿತ್ತು, ಅವರಿಗೆ ಅಷ್ಟು ಸಾಕಾಗಿತ್ತು. ಫ್ರಾನ್ಸಿನ ಲೊರಾಂ ಶ್ವಾರ್ಟ್ಸ್ 1940ರ ದಶಕದಲ್ಲಿ ಅದಕ್ಕೆ ಭದ್ರವಾದ ಗಣಿತದ ಅಡಿಪಾಯ ಹಾಕಿ, 1950ರಲ್ಲಿ ಫೀಲ್ಡ್ಸ್ ಪದಕ ಪಡೆದರು. ಅಂದರೆ ಮನೆ ಕಟ್ಟಿ ಸಂಸಾರ ಹೂಡಿದ ಮೇಲೆ ಪಾಯ ಬಂತು. ಪಾಯವಿಲ್ಲದ ಮನೆಯಲ್ಲಿ ಕೆಲವರಿಗೆ ಸುಖವಾಗಿ ನಿದ್ದೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ.

ಹರೀಶ್-ಚಂದ್ರರಿಗೆ ಬರಲಿಲ್ಲ. ಭೌತಶಾಸ್ತ್ರದಲ್ಲಿ ಗೆಲ್ಲಲು ಬೇಕಾದ ಒಂದು ನಿಗೂಢ ಆರನೆಯ ಇಂದ್ರಿಯ ತಮಗಿಲ್ಲ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಡಿರಾಕ್ ಅವರ ಶಿಷ್ಯನೆಂಬ ಹೆಸರನ್ನು ಬೆನ್ನ ಹಿಂದೆ ಬಿಟ್ಟು, ಇಪ್ಪತ್ತೈದರ ಆಸುಪಾಸಿನಲ್ಲಿ, ಗಣಿತವನ್ನು ಹೆಚ್ಚುಕಡಿಮೆ ಬುಡದಿಂದ ಕಲಿಯಲು ಕುಳಿತರು. ಅದು ಸಣ್ಣ ಧೈರ್ಯವಲ್ಲ.

ಅವರ ಸ್ನೇಹಿತ ಫ್ರೀಮನ್ ಡೈಸನ್ ಕೂಡ 1923ರಲ್ಲೇ ಹುಟ್ಟಿದವರು. ಕೇಂಬ್ರಿಜ್‌ನಲ್ಲಿ ಗಣಿತದಲ್ಲಿ ಪದವಿ ಪಡೆದವರು. ಭೌತಶಾಸ್ತ್ರ ಗೋಜಲು, ಅದರಲ್ಲಿ ಬಿಗಿಯಿಲ್ಲ, ಕೈಗೇ ಸಿಗುವುದಿಲ್ಲ. ಅದಕ್ಕೇ ಗಣಿತಕ್ಕೆ ಹೋಗುತ್ತಿದ್ದೇನೆ ಎಂದು ಹರೀಶ್-ಚಂದ್ರ ಒಮ್ಮೆ ಹೇಳಿದಾಗ, ತಾನು ಸರಿಯಾಗಿ ಅವೇ ಕಾರಣಗಳಿಗಾಗಿ ಗಣಿತ ಬಿಟ್ಟು ಭೌತಶಾಸ್ತ್ರಕ್ಕೆ ಹೊರಟಿದ್ದೇನೆ ಎಂದರಂತೆ ಡೈಸನ್. ಇದು ಬರೀ ಚಮತ್ಕಾರದ ಮಾತಾಗಿ ಉಳಿಯಲಿಲ್ಲ. 1949ರಲ್ಲಿ ಡೈಸನ್, ಬೆಳಕು ಮತ್ತು ಎಲೆಕ್ಟ್ರಾನುಗಳ ಬಗ್ಗೆ ಫೈನ್‌ಮನ್ ಒಂದು ಬಗೆಯಲ್ಲಿ, ಶ್ವಿಂಗರ್ ಮತ್ತು ತೊಮೊನಾಗ ಇನ್ನೊಂದು ಬಗೆಯಲ್ಲಿ ಹೇಳುತ್ತಿದ್ದುದು ಒಂದೇ ಎಂದು ತೋರಿಸಿದರು. ಹರೀಶ್-ಚಂದ್ರ ಸಮಮಿತಿಗೆ ಸಂಬಂಧಿಸಿದ ಗಣಿತದಲ್ಲಿ, ಭೌತವಿಜ್ಞಾನಿಯಾಗಿದ್ದಾಗ ತಮ್ಮನ್ನು ಕಾಡಿದ ಸಮಸ್ಯೆಗಳ ನೆರೆಯಲ್ಲೇ, 1983ರಲ್ಲಿ ತೀರಿಕೊಳ್ಳುವವರೆಗೂ ದುಡಿದರು.

ಇನ್ನು ಮನೆಯವರ ಮಾತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಸ್. ಚಂದ್ರಶೇಖರ್ ಅವರಿಗೆ ಬೇಕಾಗಿದ್ದುದು ಗಣಿತದ ಆನರ್ಸ್. ರಾಮಾನುಜನ್ ಅವರ ಹೆಸರೇ ಪ್ರೇರಣೆ. ಭೌತಶಾಸ್ತ್ರ ಓದಲಿ ಎಂಬುದು ತಂದೆಯ ಹಟ. ಮಗ ಭೌತಶಾಸ್ತ್ರಕ್ಕೆ ಹೆಸರು ಹಚ್ಚಿ, ಗಣಿತದ ತರಗತಿಗಳಲ್ಲೂ ಹೋಗಿ ಕುಳಿತ. ಶ್ವೇತ ಕುಬ್ಜ ನಕ್ಷತ್ರದ ದ್ರವ್ಯರಾಶಿಗೆ ಸೂರ್ಯನ ಸುಮಾರು 1.4 ಪಟ್ಟಿನ ಮಿತಿಯಿದೆ ಎಂದು ತೋರಿಸಿದ, 1983ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಅದೇ ಚಂದ್ರಶೇಖರ್. ತಂದೆಯದು ತಪ್ಪೆನ್ನಲು ಬಾಯಿ ಬರುವುದಿಲ್ಲ, ಮಗ ಗಣಿತವನ್ನು ಬಿಟ್ಟನೆನ್ನಲೂ ಆಗದು.

ನಿಮ್ಮ ಅರ್ಜಿ ತುಂಬುವ ಮುನ್ನ ಅಂಕಪಟ್ಟಿಯನ್ನಲ್ಲ, ಹಳೆಯ ನೋಟ್ಸನ್ನು ತೆಗೆದು ನೋಡಿ. ಮೇಷ್ಟ್ರು ‘ಇದು ಹೀಗೆಂದು ಒಪ್ಪಿಕೊಳ್ಳಿ’ ಎಂದು ಹಾರಿಸಿದ ಹೆಜ್ಜೆಗಳಿರುತ್ತವೆ. ಅಲ್ಲಿ ನೀವು ತಡೆದು ನಿಂತಿದ್ದಿರೋ, ಉತ್ತರ ಪ್ರಯೋಗಕ್ಕೆ ತಾಳೆಯಾಯಿತೇ ಎಂದು ಮುಂದಕ್ಕೆ ಓಡಿದ್ದಿರೋ? ನಿಂತವರು ಯಾರು, ಓಡಿದವರು ಯಾರು ಎಂಬುದು ಆ ಪುಟಗಳ ಅಂಚಿನಲ್ಲೇ ಪೆನ್ಸಿಲಿನಲ್ಲಿ ಗೀಚಿರುತ್ತದೆ.