ಮಾತುಕತೆಗೆ ನಾವೂ ಕೂಡೋಣ

(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಬೆಟಗೇರಿಯವರು ಕಂಡಿಕೆ ಸುತ್ತುವುದನ್ನು ನಿಲ್ಲಿಸಿ ಬಂದಿದ್ದೀರಿ. ಮುಂಡರಗಿ, ಶಿರಹಟ್ಟಿ ಕಡೆಯವರು ಉಳ್ಳಾಗಡ್ಡಿ, ಮೆಣಸಿನಕಾಯಿ ಹೊಲದ ಕೆಲಸ ಬಿಟ್ಟು ಬಂದಿದ್ದೀರಿ. ಆದ್ದರಿಂದ ದೊಡ್ಡ ಮಾತುಗಳು ಬೇಡ. ನಮ್ಮ ಸಂಘದ ಸಾಲದ ಪುಸ್ತಕದಿಂದಲೇ ಶುರು ಮಾಡುತ್ತೇನೆ.

ಆ ಪುಸ್ತಕ ತೆಗೆದು ನೋಡಿರಿ. ಸಾಲ ಯಾತಕ್ಕೆ ಎಂಬಲ್ಲಿ ಬೀಜ, ಗೊಬ್ಬರ, ಆಡು, ಎಮ್ಮೆ, ಆಸ್ಪತ್ರೆ ಎಂದು ಬರೆದಿರುತ್ತದೆ. ಅವುಗಳ ನಡುವೆ "ಮಗಳ ಲಗ್ನದ ಖರ್ಚು" ಎಂದೂ ಇರುತ್ತದೆ. ಲಗ್ನದ ಖರ್ಚೆಂದರೆ ಏನು, ಹಂದರವೇ, ಊಟವೇ? ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದರೆ ಉತ್ತರ ಬೇರೆ ಬರುತ್ತದೆ: "ಹುಂಡಾ ಕೊಡಬೇಕ್ರೀ ಅಕ್ಕಾರ. ಎರಡು ತೊಲಿ ಬಂಗಾರ ಬ್ಯಾರೆ ಕೇಳ್ಯಾರ." ಹುಂಡಾ ಎಂದು ಪುಸ್ತಕದಲ್ಲಿ ಬರೆಯುವಂತಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಬಂದಾಗಿನಿಂದ ಅದು ಅಪರಾಧ. ಅದಕ್ಕೇ ನಾವು ಅದರ ಹೆಸರು ಬದಲಿಸಿ ಬರೆಯುತ್ತೇವೆ.

ಸಂಘದ ಸಾಲ ಸಾಲದಾದಾಗ ಸಾವಕಾರನ ಬಾಗಿಲಿಗೆ ಹೋಗುತ್ತೇವೆ. ಲೆಕ್ಕ ಹಾಕಿರಿ. ಒಂದು ಲಕ್ಷ ರೂಪಾಯಿಗೆ ತಿಂಗಳಿಗೆ ನೂರಕ್ಕೆ 3ರಂತೆ ಬಡ್ಡಿ ಎಂದರೆ ತಿಂಗಳಿಗೆ 3,000, ವರ್ಷಕ್ಕೆ 36,000. ಅಸಲು ಹಾಗೆಯೇ ಇರುತ್ತದೆ. 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ನಮ್ಮ ಹೆಸರಿಗೆ ಬರುತ್ತಿದೆ. ಅದು ಪೂರ್ತಿ ಹೋದರೂ ಆ ಬಡ್ಡಿಗೆ ಸಾಲುವುದಿಲ್ಲ. ಉಳಿದದ್ದಕ್ಕೆ ಗಂಡ ಹೆಂಡತಿ ಗೋವೆಗೋ ಮಂಗಳೂರಿಗೋ ದುಡಿಯಲು ಹೋಗಬೇಕು, ಸಣ್ಣ ಮಗಳು ಶಾಲೆ ಬಿಡಬೇಕು. ನಾವು ಬಡತನವನ್ನು ಮಳೆಯ ಮೇಲೆ ಹಾಕುತ್ತೇವೆ. ಮಳೆ ಕೈಕೊಡುವುದು ನಿಜ. ಆದರೆ ಮಳೆಯಾದ ವರ್ಷದ ಗಳಿಕೆಯನ್ನೂ ಹುಂಡಾ ನುಂಗುತ್ತದೆ ಎಂಬುದೂ ಅಷ್ಟೇ ನಿಜ.

ಸಾವಕಾರನ ಬಡ್ಡಿಯಿಂದ ಬಿಡಿಸಿಕೊಳ್ಳುವ ದಾರಿಯನ್ನು ಈ ನೆಲ ಮೊದಲೇ ಕಂಡಿದೆ. ಇಲ್ಲಿಯೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ರೈತರನ್ನು ಕೂಡಿಸಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಒಬ್ಬೊಬ್ಬರಿಗೆ ಆಗದ್ದು ಕೂಡಿದರೆ ಆಗುತ್ತದೆ ಎಂದು ಅದು ತೋರಿಸಿಕೊಟ್ಟಿತು. ನಮ್ಮ ಸಂಘಗಳೂ ಅದೇ ನಂಬಿಕೆಯ ಮೇಲೆ ನಿಂತಿವೆ. ಹಾಗಿದ್ದ ಮೇಲೆ ವಾರವಾರವೂ ಹೊಟ್ಟೆ ಕಟ್ಟಿ ಕೂಡಿಸಿದ ರೊಕ್ಕ ನಮ್ಮ ಹೆಣ್ಣುಮಕ್ಕಳ ಬೆಲೆ ಕಟ್ಟಲಿಕ್ಕೆ ಹೋಗಬೇಕೇ?

ನಮ್ಮ ಕಡೆ "ಮಾತುಕತೆ" ಎಂದರೆ ಮೊದಲು ನೆನಪಾಗುವುದು ಲಗ್ನದ ಮಾತುಕತೆ. ಪಡಸಾಲೆಯಲ್ಲಿ ಗಂಡಸರು ಕೂಡುತ್ತಾರೆ, ಹುಂಡಾ ಎಷ್ಟು, ಬಂಗಾರ ಎಷ್ಟು ಎಂದು ಮುಗಿಸುತ್ತಾರೆ. ತಾಯಿ ಅಡುಗೆಮನೆ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿರುತ್ತಾಳೆ. ಯಾರ ಬಾಳಿನ ಮಾತು ನಡೆದಿದೆಯೋ ಆ ಹುಡುಗಿ ಅಲ್ಲಿ ಇರುವುದೇ ಇಲ್ಲ. ಮುಂದೆ ಅವಳಿಗೆ ಹೊಡೆತ ಬಿದ್ದಾಗಲೂ ಹಿರಿಯರ ಮಾತುಕತೆ ಹೀಗೇ ನಡೆಯುತ್ತದೆ. "ಹೊಂದಿಕೊಂಡು ಹೋಗವ್ವಾ" ಎಂದು ಹೇಳಿ ಅದೇ ಮನೆಗೆ ಕಳಿಸುತ್ತಾರೆ. ನಮ್ಮ ಸಂಘದ ಮಾತುಕತೆ ಇಂಥದ್ದಾಗಬಾರದು. ಅವಳ ಬಗ್ಗೆ ಮಾತಾಡುವ ಮೊದಲು ಅವಳ ಮಾತು ಕೇಳಬೇಕು. ಅವಳು ಒಪ್ಪದ ರಾಜಿ ರಾಜಿಯೇ ಅಲ್ಲ.

ಈಗ ಒಂದು ಕಹಿ ಮಾತು. "ಹುಂಡಾ ಕೊಡಲಿಲ್ಲ ಅಂದ್ರ ನನ್ನ ಮಗಳನ್ನ ಯಾರು ಮಾಡಿಕೋತಾರ?" ಎಂದು ನೀವು ಕೇಳುತ್ತೀರಿ. ಸರಿಯಾದ ಪ್ರಶ್ನೆ. ಒಬ್ಬ ಬಡ ತಾಯಿ ಒಬ್ಬಳೇ ಇದನ್ನು ಎದುರಿಸಲಾರಳು. ಆದರೆ ಇಲ್ಲಿ ಕೂತವರಲ್ಲಿ ಕೊಡುವ ತಾಯಂದಿರು ಎಷ್ಟಿದ್ದೀರೋ ತೆಗೆದುಕೊಳ್ಳುವ ತಾಯಂದಿರೂ ಅಷ್ಟೇ ಇದ್ದೀರಿ. ಮಗಳಿಗೆ ಕೊಟ್ಟದ್ದನ್ನು ಮಗನ ಲಗ್ನದಲ್ಲಿ ತುಂಬಿಕೊಳ್ಳುತ್ತೇವೆ ಎನ್ನುವವರೂ ನಾವೇ. ಸೊಸೆ ತಂದ ಬಂಗಾರ ತೂಗಿ ನೋಡಿ ಮೂತಿ ತಿರುವುವವರೂ ಎಷ್ಟೋ ಸಲ ನಾವೇ. ಇದನ್ನು ಗಂಡಸರ ಮೇಲಷ್ಟೇ ಹಾಕಿ ಕೈ ತೊಳೆದುಕೊಳ್ಳಲು ಬರುವುದಿಲ್ಲ. ಆದ್ದರಿಂದ ಠರಾವು ಮೊದಲು ಗಂಡುಮಕ್ಕಳ ತಾಯಂದಿರಿಂದ ಬರಲಿ. ಒಂದು ಊರಿನ ಎಲ್ಲ ಸಂಘಗಳ ತಾಯಂದಿರು ಕೂಡಿ "ನಮ್ಮ ಮಗನಿಗೆ ಹುಂಡಾ ತೆಗೆದುಕೊಳ್ಳುವುದಿಲ್ಲ" ಎಂದು ಠರಾವು ಪುಸ್ತಕದಲ್ಲಿ ಸಹಿ ಮಾಡಿದರೆ ಹೆಣ್ಣು ಹೆತ್ತವಳ ಭಯ ಅರ್ಧ ಇಳಿಯುತ್ತದೆ.

ಇನ್ನು ಕಾನೂನಿನ ಮಾತು. ಕಾನೂನು ಗೊತ್ತಿದ್ದರೆ ಕಚೇರಿಯ ಮುಂದೆ ನಿಂತಾಗ ಧ್ವನಿ ನಡುಗುವುದಿಲ್ಲ.

ಹುಂಡಾ ಕೇಳುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು, ಕೊಡುವುದೂ ತಪ್ಪು. ಆದರೆ ಹಿಂಸೆಗೆ ಒಳಗಾದವಳು ನಿಜ ಹೇಳಿದರೆ ಆ ಹೇಳಿಕೆಯ ಮೇಲೆ ಅವಳನ್ನೇ ಈ ಕಾಯ್ದೆಯಡಿ ಮೊಕದ್ದಮೆಗೆ ಗುರಿ ಮಾಡುವಂತಿಲ್ಲ. "ಕೊಟ್ಟ ತಪ್ಪಿಗೆ ನಮ್ಮನ್ನೇ ಹಿಡಿತಾರ" ಎಂದು ಹೆದರಿಸುವವರಿಗೆ ಇದನ್ನು ಹೇಳಿರಿ. ಗಂಡನ, ಗಂಡನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡುವ 498ಎ ಕಲಮು 1983ರಲ್ಲಿ ಬಂತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. ನಂಬರು ಬದಲಾಗಿದೆ, ಅಪರಾಧ ಹಾಗೆಯೇ ಇದೆ.

2005ರ ಕೌಟುಂಬಿಕ ಹಿಂಸೆಯ ಕಾಯ್ದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಹೊಡೆತ ಮಾತ್ರವಲ್ಲ, ಬೈಗುಳ, ಲೈಂಗಿಕ ಹಿಂಸೆ, ಅವಳ ಕೂಲಿ ರೊಕ್ಕ ಕಸಿದುಕೊಳ್ಳುವುದು ಇವೆಲ್ಲ ಅದರ ಪ್ರಕಾರ ಹಿಂಸೆಯೇ. ಮನೆ ಯಾರ ಹೆಸರಿನಲ್ಲಿದ್ದರೂ ಅವಳಿಗೆ ಅಲ್ಲಿ ಇರುವ ಹಕ್ಕಿದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಇದರ ಸಂರಕ್ಷಣಾಧಿಕಾರಿಗಳು. ಅಂಗನವಾಡಿ ಟೀಚರಿಗೆ ಆ ಕಚೇರಿ ಗೊತ್ತಿರುತ್ತದೆ. ರಾತ್ರಿ ಹೊತ್ತಿನಲ್ಲಿ 181ಕ್ಕೆ, ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಫೋನು ಮಾಡಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರನ್ನು ಪುಕ್ಕಟೆ ಕೊಡುತ್ತಾರೆ.

ಆಸ್ತಿಯ ಮಾತೂ ಇದಕ್ಕೆ ಹೊಂದಿಕೊಂಡೇ ಇದೆ. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲಿಯೇ ಕಾನೂನು ಮಾಡಿತು. 2005ರಲ್ಲಿ ಅದು ದೇಶಕ್ಕೆಲ್ಲ ಬಂತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಆದರೂ "ನಿನ್ನ ಲಗ್ನಕ್ಕ ಖರ್ಚು ಮಾಡೇವಲ್ಲಾ" ಎಂದು ಹೇಳಿ ಹಕ್ಕು ಬಿಟ್ಟ ಪತ್ರಕ್ಕೆ ಅವಳ ಹೆಬ್ಬೆಟ್ಟು ಒತ್ತಿಸುತ್ತಾರೆ. ಹುಂಡಾ ಹೋಗುವುದು ಗಂಡನ ಮನೆಗೆ, ಹೊಲ ಉಳಿಯುವುದು ಅಣ್ಣತಮ್ಮಂದಿರಿಗೆ. ಅವಳ ಕೈಗೆ ಏನು ಬಂತು?

ಕೊನೆಗೆ, ಇವತ್ತು ಊರಿಗೆ ಹೋದ ಮೇಲೆ ಮಾಡಬೇಕಾದ ನಾಲ್ಕು ಕೆಲಸ ಹೇಳುತ್ತೇನೆ.

ಒಂದು, ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಕೂಡಲೇ ಏಳಬೇಡಿರಿ. ಅರ್ಧ ತಾಸು ಕಷ್ಟಸುಖದ ಮಾತಿಗೆ ಇಡಿರಿ. ಅಲ್ಲಿ ಕೇಳಿದ್ದು ಬಾವಿಕಟ್ಟೆಗೆ ಹೋಗಬಾರದು.

ಎರಡು, ಲಗ್ನದ ಸಾಲ ಕೇಳಿದವಳನ್ನು ಅವಮಾನ ಮಾಡಬೇಡಿರಿ. ಖರ್ಚು ಯಾವುದಕ್ಕೆ ಎಂದು ಕೂತು ಕೇಳಿರಿ. ಹುಂಡಾಕ್ಕೆ ಸಾಲವಿಲ್ಲ ಎಂದು ಎಲ್ಲರಿಗೂ ಒಂದೇ ನಿಯಮ ಮಾಡಿರಿ. ಅದೇ ರೊಕ್ಕವನ್ನು ಮಗಳ ಕಾಲೇಜಿಗೆ, ಹೊಲಿಗೆ ಯಂತ್ರಕ್ಕೆ, ಅವಳದೇ ಹೆಸರಿನ ದುಡಿಮೆಗೆ ಕೊಡಿರಿ.

ಮೂರು, ಠಾಣೆಗಾಗಲಿ ಕಚೇರಿಗಾಗಲಿ ಹೆಣ್ಣುಮಗಳನ್ನು ಒಬ್ಬಳನ್ನೇ ಕಳಿಸಬೇಡಿರಿ. ಐದಾರು ಮಂದಿ ಜೊತೆಗೆ ಹೋಗಿರಿ. ಅರ್ಜಿ ಬರೆದು ಕೊಡಿರಿ, ಸ್ವೀಕೃತಿ ಇಸಿದುಕೊಂಡೇ ಬನ್ನಿರಿ.

ನಾಲ್ಕು, ಗ್ರಾಮಸಭೆಯಲ್ಲಿ ಇದನ್ನು ಎತ್ತಿರಿ. ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳದು. ಕುಡಿಯುವ ನೀರಿನ ಮಾತು ಎತ್ತುವ ಬಾಯಿಂದಲೇ ಹೊಡೆತದ ಮಾತೂ ಬರಲಿ.

ಸಾಲ ತೀರಿಸುವುದರಲ್ಲಿ ನಮ್ಮ ಸಂಘಗಳು ಹೆಸರು ಮಾಡಿವೆ, ಬ್ಯಾಂಕಿನವರು ನಮ್ಮನ್ನು ನಂಬುತ್ತಾರೆ. ಇನ್ನು ನಮ್ಮ ಊರಿನ ಹೆಣ್ಣುಮಗಳು ನಮ್ಮನ್ನು ನಂಬುವಂತಾಗಬೇಕು. ನಡುರಾತ್ರಿ ಮನೆಯಿಂದ ಹೊರಗೆ ಹಾಕಿದಾಗ "ಸಂಘದ ಅಕ್ಕನ ಮನಿ ಐತಿ" ಎಂದು ಅವಳು ಧೈರ್ಯದಿಂದ ಬಂದು ಬಾಗಿಲು ಬಡಿಯಬೇಕು. ಅಂದು ನಮ್ಮ ಸಂಘ ನಿಜವಾದ ಸಂಘ.