ನಕ್ಕರೆ ಗೇಣಿ ಇಳಿಯುವುದೇ?

(ಅಂಕೋಲೆಯಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ಮಾತಾಡಲು ಬಂದದ್ದು ನಗೆಯ ವಿಷಯ. ಪಗಾರ, ಬೋನಸ್ಸು, ಅಂಗಡಿಯ ತೆರಿಗೆ ಇವನ್ನೆಲ್ಲ ಬಿಟ್ಟು ಇದೇನು ಹೊಸ ಪುರಾಣ ಎಂದು ಯಾರಾದರೂ ಕೇಳಿಯಾರು. ಆದರೆ ಬಡವನ ಕೈಯಲ್ಲಿ ಹಿಂದಿನಿಂದಲೂ ಇರುವ ಆಯುಧಗಳಲ್ಲಿ ನಗೆಯೂ ಒಂದು. ಅದು ಎಲ್ಲಿಯವರೆಗೆ ಕೊಯ್ಯುತ್ತದೆ, ಎಲ್ಲಿ ಮೊಂಡಾಗುತ್ತದೆ ಎಂಬುದನ್ನು ತಿಳಿದಿರಬೇಕು.

ನಮ್ಮ ಕಡೆಗೆ ಈ ಆಯುಧ ಹೊಸತಲ್ಲ. ಸುಗ್ಗಿ ಬಂತೆಂದರೆ ಹಾಲಕ್ಕಿ ಒಕ್ಕಲಿಗರು ತುರಾಯಿ ಕಟ್ಟಿ ಕುಣಿಯುತ್ತಾರೆ. ಹೋಳಿಯ ಹೊತ್ತಿಗೆ ಹಗರಣದ ವೇಷಗಳು ಹೊರಡುತ್ತವೆ. ವೇಷ ಕಟ್ಟಿದವನಿಗೆ ಆ ದಿನ ಯಾರ ಅಂಜಿಕೆಯೂ ಇಲ್ಲ. ಅವನು ಸಾಹೇಬನಾಗುತ್ತಾನೆ, ಸಾವುಕಾರನಾಗುತ್ತಾನೆ, ಊರೆಲ್ಲ ಹೊಟ್ಟೆ ಹಿಡಿದು ನಗುತ್ತದೆ. ಗೇಣಿಯ ಕಾಲದಲ್ಲಿ ಈ ನಗೆಗೆ ಧಣಿಯ ಅಡ್ಡಿಯೇನೂ ಇರಲಿಲ್ಲ. ಜಗಲಿಯ ಮೇಲೆ ನಿಂತು ಅವನೂ ನಗಬಹುದಿತ್ತು, ನಾಲ್ಕು ಕಾಸು ಇನಾಮನ್ನೂ ಕೊಡಬಹುದಿತ್ತು. ಹಬ್ಬ ಮುಗಿದ ಮೇಲೆ ಭತ್ತ ಅಳೆಯುವ ಕೊಳಗ ಅದೇ, ಗೇಣಿಯೂ ಅಷ್ಟೇ. ಹಾಗಾದರೆ ಆ ನಗೆಯಿಂದ ಬಂದದ್ದೇನು?

ಇಂಗ್ಲೆಂಡಿನವರು ಎರಡನೆಯ ಮಹಾಯುದ್ಧದ ನಂತರ ತೆಗೆದ ಕೆಲವು ಚಿತ್ರಗಳನ್ನು ನೋಡಿದಾಗಲೂ ಇದೇ ಪ್ರಶ್ನೆ ಏಳುತ್ತದೆ. ಅವೂ ಒಂದು ಬಗೆಯ ಹಗರಣಗಳೇ. ಸಾವು, ಕೊಲೆ, ಮೋಸಗಳನ್ನು ಮುಂದಿಟ್ಟುಕೊಂಡು ಸಿರಿವಂತರನ್ನೂ ದೊಡ್ಡ ಮನೆತನದವರನ್ನೂ ಅಣಕಿಸಿ ನಗಿಸುವ ಚಿತ್ರಗಳು. ಇವುಗಳಲ್ಲಿ ಹೆಸರಾದ ಹಲವನ್ನು ಲಂಡನ್ನಿನ ಈಲಿಂಗ್ ಸ್ಟುಡಿಯೋ ತೆಗೆಯಿತು.

1949ರಲ್ಲಿ ಬಂದ ‘ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್’ ಎಂಬುದನ್ನು ನೋಡಿ. ನಿರ್ದೇಶಕ ರಾಬರ್ಟ್ ಹೇಮರ್. ದೊಡ್ಡ ಮನೆತನದ ಹೆಣ್ಣುಮಗಳೊಬ್ಬಳು ಬಡ ಹಾಡುಗಾರನನ್ನು ಮದುವೆಯಾದಳೆಂದು ಮನೆಯವರು ಅವಳನ್ನು ಹೊರಗೆ ಹಾಕುತ್ತಾರೆ. ಸತ್ತ ಮೇಲೂ ಕುಲದ ಸಮಾಧಿಯಲ್ಲಿ ಅವಳಿಗೆ ಜಾಗ ಕೊಡುವುದಿಲ್ಲ. ಅವಳ ಮಗ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಬಗ್ಗಿ ನಿಂತು ದುಡಿಯುತ್ತಾನೆ. ಆ ಕೆಲಸವನ್ನೂ ಅದೇ ಮನೆತನದ ಒಬ್ಬ ಕಳೆಯುತ್ತಾನೆ. ಆಗ ಇವನು ಡ್ಯೂಕ್ ಪದವಿಗೂ ತನಗೂ ನಡುವೆ ಇರುವವರ ಲೆಕ್ಕ ಹಾಕಿ, ಒಬ್ಬೊಬ್ಬರನ್ನೇ ತೆಗೆಯತೊಡಗುತ್ತಾನೆ. ಆ ಮನೆತನದ ಎಂಟು ಪಾತ್ರಗಳನ್ನೂ, ಒಬ್ಬ ಹೆಂಗಸನ್ನು ಸೇರಿಸಿ, ಅಲೆಕ್ ಗಿನೆಸ್ ಎಂಬ ಒಬ್ಬನೇ ನಟ ಕಟ್ಟಿದ್ದಾನೆ. ಪಾದ್ರಿಯಾಗಲಿ, ಸೇನಾಪತಿಯಾಗಲಿ, ಬ್ಯಾಂಕಿನ ಯಜಮಾನನಾಗಲಿ, ಮುಖ ಒಂದೇ. ಕೊನೆಗೆ ಗಲ್ಲಿಗೇರಿಸುವವನಿಗೂ ಒಂದು ಚಿಂತೆ: ಡ್ಯೂಕನನ್ನು ಗಲ್ಲಿಗೇರಿಸುವಾಗ ಏನೆಂದು ಕರೆಯಬೇಕು?

ನಗದಿರಲು ಸಾಧ್ಯವಿಲ್ಲ. ಆದರೆ ಕತೆಯ ತಿರುಳನ್ನು ಗಮನಿಸಿ. ಅಂಗಡಿಯ ಆಳು ಡ್ಯೂಕನಾದ, ಡ್ಯೂಕನ ಪದವಿ ಮಾತ್ರ ಅಲ್ಲೇ ಉಳಿಯಿತು. ಕುರ್ಚಿಯ ಮೇಲೆ ಕುಳಿತವರು ಬದಲಾದರೆ ಕುರ್ಚಿಯ ಕೆಳಗಿನವರಿಗೇನು ಸಿಕ್ಕಿತು? ಚಿತ್ರದಲ್ಲಿ ಒಂದೂವರೆ ತಾಸಿನೊಳಗೆ ಎಂಟು ಮಂದಿ ತೀರಿಹೋದರು. ಹುಟ್ಟಿನ ಬಲದಿಂದಲೇ ಮೇಲ್ಮನೆಯಲ್ಲಿ ಕೂತಿದ್ದವರಲ್ಲಿ ಬಹುಪಾಲು ಜನರನ್ನು ಆ ದೇಶದ ಪಾರ್ಲಿಮೆಂಟು ಹೊರಗೆ ಕಳಿಸಿದ್ದು 1999ರಲ್ಲಿ. ಆಗಲೂ 92 ಮಂದಿಯನ್ನು ಉಳಿಸಿಕೊಂಡಿತು. ಚಿತ್ರ ಬಂದು ಐವತ್ತು ವರ್ಷ ಆಗಿತ್ತು!

ಗಿರಣಿ ಕೆಲಸಗಾರರು ತಪ್ಪದೆ ನೋಡಬೇಕಾದದ್ದು 1951ರ ‘ದಿ ಮ್ಯಾನ್ ಇನ್ ದಿ ವೈಟ್ ಸೂಟ್’. ಅಲೆಕ್ಸಾಂಡರ್ ಮೆಕೆಂಡ್ರಿಕ್ ಅದರ ನಿರ್ದೇಶಕ. ಸಿಡ್ನಿ ಎಂಬ ಬಡ ತರುಣ ಬಟ್ಟೆ ಗಿರಣಿಯಲ್ಲಿ ಸಣ್ಣ ಕೆಲಸಕ್ಕೆ ಸೇರಿ, ಕದ್ದುಮುಚ್ಚಿ ಪ್ರಯೋಗ ಮಾಡಿ, ಹರಿಯದ, ಕೊಳೆಯಾಗದ ನೂಲನ್ನು ತೆಗೆಯುತ್ತಾನೆ. ಆ ಬಟ್ಟೆಗೆ ಕತ್ತರಿ ತಾಗದು, ಬೆಂಕಿಯಿಂದ ಕೊಯ್ಯಬೇಕು. ಬಣ್ಣವೂ ಹತ್ತದು. ಅದರಿಂದ ಹೊಲಿದ ಬಿಳಿ ಸೂಟು ಕತ್ತಲಲ್ಲಿ ಹೊಳೆಯುತ್ತದೆ.

ಅವನ ಮಾಲಕ ಮೊದಲು ಹಿಗ್ಗುತ್ತಾನೆ. ಉಳಿದ ಮಾಲಕರು ಓಡಿ ಬರುತ್ತಾರೆ. ಹರಿಯದ ಬಟ್ಟೆ ಒಮ್ಮೆ ಮಾರಿದರೆ ಮತ್ತೆ ಕೊಳ್ಳುವವರಾರು? ಹಣದ ಆಸೆ ತೋರಿಸುತ್ತಾರೆ, ಹೆಣ್ಣಿನ ಆಸೆ ತೋರಿಸುತ್ತಾರೆ, ಕೋಣೆಯಲ್ಲಿ ಕೂಡಿಹಾಕುತ್ತಾರೆ. ಇತ್ತ ಕೆಲಸಗಾರರಿಗೂ ದಿಗಿಲು: ಎಲ್ಲರಿಗೂ ಒಂದೊಂದು ಸೂಟು ನೇಯ್ದ ಮೇಲೆ ನಮಗೆ ಕೆಲಸವೆಲ್ಲಿ? ಕೊನೆಗೆ ಮಾಲಕರೂ ಕೆಲಸಗಾರರೂ ಒಂದೇ ಬೀದಿಯಲ್ಲಿ ಒಂದೇ ಗುಂಪಾಗಿ ಅವನನ್ನು ಅಟ್ಟಿಕೊಂಡು ಹೋಗುತ್ತಾರೆ. ಅವನು ಇದ್ದ ಮನೆಯ ಮುದುಕಿ ಪರರ ಬಟ್ಟೆ ಒಗೆದು ನಾಲ್ಕು ಕಾಸು ಕಾಣುವವಳು. ಕೊಳೆಯಾಗದ ಬಟ್ಟೆ ಬಂದರೆ ನನ್ನ ಒಗೆತದ ಗತಿಯೇನಪ್ಪಾ ಎಂದು ಅವಳೂ ಕೇಳುತ್ತಾಳೆ. ಚಿತ್ರದಲ್ಲಿ ಅವನು ಉತ್ತರ ಕೊಡಲಾರದೆ ನಿಲ್ಲುವುದು ಅವಳ ಮುಂದೆ. ಅಷ್ಟರಲ್ಲಿ ಗುಂಪು ಅವನನ್ನು ಹಿಡಿಯುತ್ತದೆ. ಆ ಮಹಾ ಬಟ್ಟೆ ಕೈಕೈಗೆ ಹತ್ತಿಯಂತೆ ಕಿತ್ತು ಬರುತ್ತದೆ. ನಡುಬೀದಿಯಲ್ಲಿ ಅಂಗಿಯೊಂದರಲ್ಲಿ ನಿಂತ ಅವನನ್ನು ನೋಡಿ ಎಲ್ಲರೂ ನಗುತ್ತಾರೆ.

ಮಾಲಕನನ್ನೂ ಕೆಲಸಗಾರನನ್ನೂ ಈ ಚಿತ್ರ ಒಂದೇ ತಕ್ಕಡಿಯಲ್ಲಿ ತೂಗಿತು ಎಂಬ ಆಕ್ಷೇಪವುಂಟು. ಮೇಲುನೋಟಕ್ಕೆ ಅದು ನಿಜ. ಆದರೆ ಮಾಲಕ ಹೆದರಿದ್ದು ಲಾಭಕ್ಕೆ, ಕೆಲಸಗಾರ ಹೆದರಿದ್ದು ಊಟಕ್ಕೆ, ಮುದುಕಿ ಹೆದರಿದ್ದು ಆ ದಿನದ ಗಂಜಿಗೆ. ಮೂರು ಹೆದರಿಕೆಗಳ ತೂಕ ಒಂದೇ ಹೇಗಾದೀತು? ಬಟ್ಟೆ ಕೆಟ್ಟದ್ದಲ್ಲ, ಸಿಡ್ನಿಯೂ ಕೆಟ್ಟವನಲ್ಲ. ಆ ನೂಲು ಯಾರದಾಗಬೇಕು, ಉಳಿದ ದುಡಿಮೆಯ ಹೊತ್ತು ಯಾರಿಗೆ ಸೇರಬೇಕು ಎಂದು ಆ ಊರಲ್ಲಿ ಯಾರೂ ಕೇಳಲಿಲ್ಲ. ಕೆಲಸಗಾರರು ಅದನ್ನು ಕೇಳಿದ್ದರೆ ಮಾಲಕರ ಜೊತೆ ಒಂದೇ ಬೀದಿಯಲ್ಲಿ ಓಡಬೇಕಾಗಿರಲಿಲ್ಲ.

ಇದು ನಮಗೆ ದೂರದ ಮಾತಲ್ಲ. ಈ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತದಲ್ಲಿತ್ತು, ಹೊಟ್ಟೆಪಾಡಿಗೆ ಹೊರಟವರಿಗೆ ಮುಂಬಯಿಯೇ ದಾರಿ. ಅಲ್ಲಿ 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಬಟ್ಟೆ ಗಿರಣಿ ಕೆಲಸಗಾರರು ಮುಷ್ಕರ ಹೂಡಿದರು. ಆಮೇಲೆ ಎಷ್ಟೋ ಗಿರಣಿಗಳ ಬಾಗಿಲು ಮತ್ತೆ ತೆರೆಯಲೇ ಇಲ್ಲ. ಫೀನಿಕ್ಸ್ ಗಿರಣಿಯ ಜಾಗದಲ್ಲಿ ಇಂದು ಸಿರಿವಂತರ ಅಂಗಡಿಗಳ ಸಾಲಿದೆ. ಇನ್ನು ನಮ್ಮ ಸಣ್ಣ ವ್ಯಾಪಾರಿಗಳು! ಫೋನಿನಲ್ಲಿ ತರಿಸಿದ ಪೊಟ್ಟಣ ದೂರದ ಗೋದಾಮಿನಿಂದ ಹೊರಟು ಅವರ ಅಂಗಡಿಯ ಮುಂದೆಯೇ ದಾಟಿ ಹೋಗುತ್ತದೆ. ಉದ್ರಿ ಕೊಟ್ಟ ಗಿರಾಕಿಯ ಮನೆಗೇ ಹೋಗುತ್ತದೆ. ಅವರ ಪ್ರಶ್ನೆಯೂ ಆ ಮುದುಕಿಯ ಪ್ರಶ್ನೆಯೇ.

ಇನ್ನೊಂದು ಚಿತ್ರ 1959ರ ‘ಐ ಆಮ್ ಆಲ್ ರೈಟ್ ಜ್ಯಾಕ್’. ಅದರಲ್ಲಿ ಸಂಘದ ಮುಂದಾಳುವೇ ನಗೆಪಾಟಲು. ಆ ಪಾತ್ರ ಪೀಟರ್ ಸೆಲರ್ಸನದು. ಮುಷ್ಕರವಾಗಬೇಕೆಂದು ಒಳಗಿಂದೊಳಗೆ ಹೂಡಿದವರು ಮಾತ್ರ ಮಾಲಕರು, ಗುತ್ತಿಗೆಯ ಹಣ ನುಂಗಲೆಂದು. ಅದನ್ನು ಬಯಲಿಗೆಳೆದ ಹುಡುಗನಿಗೇ ನ್ಯಾಯಾಲಯದಲ್ಲಿ ಶಿಕ್ಷೆ! ಸಂಘದವರು ಈ ಚಿತ್ರಕ್ಕೆ ಸಿಟ್ಟಾಗಬೇಕಿಲ್ಲ. ನಮ್ಮ ಮುಷ್ಕರದಿಂದ ಯಾರ ಜೇಬು ತುಂಬುತ್ತದೆಂದು ನಾವೇ ಮೊದಲು ಕೇಳಿಕೊಂಡರೆ ನಗುವವರಿಗೆ ಎಡೆಯಿರದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಗೇಣಿಯ ಕಟ್ಟು ಸಡಿಲಿದ್ದು ಹೇಗೆ? ಹಗರಣವೊಂದರಿಂದಲೇ ಅಲ್ಲ. ಒಕ್ಕಲುಗಳು ಒಟ್ಟಾದರು. ಉಳುವವನೇ ಹೊಲದೊಡೆಯ ಎಂಬ ಕೂಗು ಈ ಕರಾವಳಿಯಲ್ಲಿ ಎದ್ದಿತು. ಅವರ ಮುಂದಾಳು ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರಕಾರ 1940ರಿಂದ ಐದು ವರ್ಷ ಜಿಲ್ಲೆಯಿಂದ ಗಡಿಪಾರು ಮಾಡಿತು. 1948ರಲ್ಲಿ ಮುಂಬಯಿ ಪ್ರಾಂತದ ಗೇಣಿ ಕಾಯಿದೆ ಬಂತು. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರಕಾರಕ್ಕೆ ಸೇರಿದುವು, ಒಕ್ಕಲುಗಳು ಏಳನೆಯ ನಮೂನೆಯ ಅರ್ಜಿ ತುಂಬಿ ನ್ಯಾಯಮಂಡಳಿಯ ಮುಂದೆ ನಿಂತು ಹೊಲದ ಹಕ್ಕು ಪಡೆದರು.

ಹಾಗೆಂದು ನಗೆ ವ್ಯರ್ಥವೇ? ಅಲ್ಲ. ದಿನಕರ ದೇಸಾಯಿಯವರೇ ಕನ್ನಡಕ್ಕೆ ಚುಟುಕ ಕೊಟ್ಟ ಕವಿ. ನಾಲ್ಕೇ ಸಾಲು. ಅಂಕೋಲೆಯಿಂದ ಹೊರಡುತ್ತಿದ್ದ ಅವರ ‘ಜನಸೇವಕ’ ವಾರಪತ್ರಿಕೆಯಲ್ಲಿ ಅವು ವಾರವಾರವೂ ಅಚ್ಚಾದವು. ಅಧಿಕಾರದ ಬಡಿವಾರವನ್ನೂ ಹಣದ ಸೊಕ್ಕನ್ನೂ ಕಂಡು ನಗುವುದನ್ನು ಓದುಬರಹ ಕಡಮೆಯಿದ್ದವರಿಗೂ ಅವು ಕಲಿಸಿದವು. ಚುಟುಕ ಬರೆದ ಕೈಯೇ ಒಕ್ಕಲಿನ ಕೆಲಸವನ್ನೂ ಮಾಡಿತ್ತು, ಗಡಿಪಾರಿನ ಆಜ್ಞೆಯನ್ನೂ ಹಿಡಿದಿತ್ತು. ಆದ್ದರಿಂದಲೇ ಅದರ ನಗೆಗೆ ಧಣಿಗಳು ಇನಾಮು ಕೊಡಲಿಲ್ಲ.

ಧಣಿ ಜಗಲಿಯ ಮೇಲೆ ನಿಂತು ನಮ್ಮ ಜೊತೆ ನಗುತ್ತಿದ್ದರೆ, ಆ ನಗೆಯಿಂದ ಅವನಿಗೇನೂ ನಷ್ಟವಿಲ್ಲವೆಂದು ತಿಳಿಯಿರಿ. ಬಡವನಿಗೆ ಅದರಿಂದ ಬರುವುದು ಧೈರ್ಯ. ಎದುರಿಗಿರುವವನು ದೇವರಲ್ಲ, ವೇಷ ಹಾಕಿದ ಮನುಷ್ಯ ಎಂಬ ಧೈರ್ಯ. ಅದು ಸಣ್ಣದಲ್ಲ. ಆದರೆ ಅಂಜಿಕೆ ಬಿಟ್ಟವನು ಮರುದಿನ ಸಂಘಕ್ಕೆ ಬರಬೇಕು, ಅರ್ಜಿಗೆ ಹೆಬ್ಬೆಟ್ಟು ಒತ್ತಬೇಕು, ಕೊಳಗದ ಅಳತೆಯನ್ನು ಕಣ್ಣಿಟ್ಟು ನೋಡಬೇಕು. ನಮ್ಮ ಹಿರಿಯರು ಹಗರಣದಲ್ಲಿ ನಕ್ಕೂ ನಕ್ಕರು, ನ್ಯಾಯಮಂಡಳಿಯ ಮುಂದೆ ನಿಂತೂ ನಿಂತರು. ಎರಡೂ ಬೇಕಾದುವು.

ಈ ಚಿತ್ರಗಳನ್ನು ನೋಡಲು ಸಿಕ್ಕರೆ ಮನೆಮಂದಿಯೊಡನೆ ನೋಡಿ, ಚೆನ್ನಾಗಿ ನಗಿರಿ. ಅಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ನಾಳೆ ಗಿರಣಿಯ ಬಾಗಿಲಲ್ಲೂ ಅಂಗಡಿಯ ಕಟ್ಟೆಯ ಮೇಲೂ ಕೇಳಿರಿ.